ಬಿಸಿಲು ಬಾರದ ಹಿತ್ತಲು

ಪ್ರಿಯ ಓದುಗರೇ,

ನಮ್ಮ ಕನ್ನಡ ತರಗತಿ ನಡೆಯುವ ಹಾಲ್‌ನ ಹಿಂದೆ ಒಂದು ಪುಟ್ಟ ಅಂಗಳವಿದೆ, ನೋಡಿರ್ತೀರಿ. ಮೂರು ಕಡೆ ಎತ್ತರದ ಇಟ್ಟಿಗೆ ಗೋಡೆ. ಲಂಡನ್ನಿನ ಹಳೇ ಬೀದಿಗಳಲ್ಲಿ ನಮ್ಮ ಎಷ್ಟೋ ಜನರ ಮನೆ ಹಿತ್ತಲೂ ಹೀಗೇ ಅಲ್ವಾ? ಅಲ್ಲಿ ಗಿಡ ನೆಡಲು ಹಾಲ್‌ನವರು ಒಪ್ಪಿದ್ದಾರೆ. ಸುದ್ದಿ ಹೇಳಿದ ಕೂಡಲೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಬಿಸಿಲೇ ಬರಲ್ವಲ್ಲ ಆಂಟಿ, ಅಲ್ಲಿ ಏನು ಬೆಳೆಯುತ್ತೆ?"

ತೀರ್ಥಹಳ್ಳಿ ಕಡೆಯ ನನ್ನ ಅಜ್ಜಿ ಮನೆಯ ಹಿತ್ತಲಿಗೂ ಬಿಸಿಲು ಬರುತ್ತಿದ್ದುದು ಅಪರೂಪ. ಹಲಸಿನ ಮರ, ಪಾಗಾರ, ಇಳಿಬಿದ್ದ ಸೂರು, ಎಲ್ಲ ಸೇರಿ ಸದಾ ತಂಪು. ಬಚ್ಚಲ ನೀರು ಹರಿಯುವಲ್ಲಿ ಕೆಸು. ಅದರ ಎಲೆ ಮೇಲೆ ಬಿದ್ದ ಹನಿ ಅಂಟದೆ ಗುಂಡಗೆ ಉರುಳಿ ಹೋಗುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಒಂದೆಲಗ ಹಬ್ಬಿತ್ತು. ಅಜ್ಜಿ ಒಂದು ಹಿಡಿ ಚಿವುಟಿ ತಂದು, ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ಮಧ್ಯಾಹ್ನದ ತಂಬುಳಿ ಆಯಿತು. ಬಾವಿಯ ಒಳಗಲ್ಲುಗಳ ಸಂದಿಯಲ್ಲಿ ಜರಿಗಿಡ, ಯಾರೂ ನೆಡದೇ ಬಂದದ್ದು. ಬಿಸಿಲಿಲ್ಲ ಅಂತ ಅಜ್ಜಿ ಕೊರಗಿದ್ದು ನಾನು ಕಾಣೆ. ನೆರಳಿಗೆ ಒಗ್ಗುವುದನ್ನೇ ಬೆಳೆಸುತ್ತಿದ್ದಳು.

ಇಲ್ಲೂ ಹಾಗೇ ಮಾಡೋಣ. ಗುಲಾಬಿ, ಟೊಮ್ಯಾಟೊ ಆಸೆ ಬಿಡೋಣ. ಇಷ್ಟು ಮಳೆ ಬಂದರೂ ಗೋಡೆ ಬುಡದ ಮಣ್ಣು ಒಣಗಿರುತ್ತದೆ. ಗೋಡೆ ಮಳೆಯನ್ನು ತಡೆಯುತ್ತದೆ, ಇಟ್ಟಿಗೆ ತೇವ ಹೀರುತ್ತದೆ. ಅದಕ್ಕೇ ಗಿಡ ನೆಡುವುದು ಗೋಡೆಯಿಂದ 45 ಸೆಂ.ಮೀ. ಈಚೆ, ಎಲೆಗೊಬ್ಬರ ಧಾರಾಳವಾಗಿ ಹಾಕಿ. ಹಾಲ್‌ನ ಗೋಡೆಗೆ ಮಾತ್ರ ಮಣ್ಣು ಏರಿಸುವಂತಿಲ್ಲ, ನೆಲದ ತೇವ ಮೇಲೇರದಂತೆ ಗೋಡೆಯೊಳಗೆ ಹಾಕಿರುವ ಪದರಕ್ಕಿಂತ ಮಣ್ಣು 15 ಸೆಂ.ಮೀ. ಕೆಳಗೇ ಇರಬೇಕು. ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಹಬ್ಬುವ ಹೈಡ್ರೇಂಜಾ. ಮೊದಲ ಒಂದೆರಡು ವರ್ಷ ಅದು ಮಿಸುಕುವುದೇ ಇಲ್ಲ, ಆಮೇಲೆ ತಾನೇ ಬೇರು ಊರಿ ಏರುತ್ತದೆ. ಮೂಲೆಗೆ ಅಗಲ ಎಲೆಯ ಫ್ಯಾಟ್ಸಿಯಾ. ಹಳೇ ಸುಣ್ಣದ ಗಾರೆ ಉದುರಿದ ಕಡೆ ಹಾರ್ಟ್ಸ್ ಟಂಗ್ ಜರಿಗಿಡ, ಅದಕ್ಕೆ ಸುಣ್ಣ ಇಷ್ಟ. ಬಾಗಿಲ ಪಕ್ಕ ಸಾರ್ಕೊಕಾಕ್ಕಾ ಅನ್ನೋ ಪುಟ್ಟ ಪೊದೆ. ಜನವರಿಯ ಚಳಿಯಲ್ಲಿ ಅದರ ಸಣ್ಣ ಬಿಳಿ ಹೂ ಘಮ್ಮೆನ್ನುತ್ತದೆ, ತರಗತಿಗೆ ಬರುವ ಮಕ್ಕಳ ಮೂಗಿಗೆ ಅದು ಬೀಳಲೇಬೇಕು. ಎಲೆಯ ಚೆಂದಕ್ಕೆ ಬೆಳೆಸುವ ಹೋಸ್ಟಾ ಕುಂಡದಲ್ಲೇ ಇರಲಿ, ಬಸವನಹುಳುವಿನ ಕಾಟ ಜಾಸ್ತಿ. ನೆಲಕ್ಕೆಲ್ಲ ಕಲ್ಲು ಹಾಸಿಬಿಡೋಣ ಅಂದವರಿಗೆ ನನ್ನ ಕೈಮುಗಿದ ವಿನಂತಿ, ಬೇಡ.

ನೆಡುವ ಕೆಲಸ ಈ ಭಾನುವಾರ ಬೆಳಿಗ್ಗೆ 10ಕ್ಕೆ. ಸಲಿಕೆ, ಗ್ಲೌಸ್ ತನ್ನಿ. ಬಿಸಿಬೇಳೆಬಾತ್ ಇದೆ, ಮೊಸರನ್ನ ಯಾರು ತರ್ತೀರಿ? 2ಕ್ಕೆ ರಾಜ್ಯೋತ್ಸವದ ನಾಟಕದ ರಿಹರ್ಸಲ್, ಪಾತ್ರಧಾರಿಗಳೆಲ್ಲ ಬರಲೇಬೇಕು. ಸದಸ್ಯತ್ವದ ಹಣ ತಿಂಗಳ ಕೊನೆಯೊಳಗೆ ಕಟ್ಟಿ. ಮುಂದಿನ ಬೇಸಿಗೆಯಲ್ಲಿ ವಾರಕ್ಕೊಂದು ಮನೆಯವರು ನೀರು ಹಾಕಬೇಕು, ಹೆಸರು ಕೊಡಿ. ಇನ್ನೊಂದು ಮಾತು. ಪತ್ರಿಕೆಯ ಪುಟ ಜೋಡಿಸುತ್ತಿದ್ದವರು ಊರಿಗೆ ವಾಪಸ್ ಹೋದರು. ಈಗ ರಾತ್ರಿ ಒಂದು ಗಂಟೆ, ನಾನೊಬ್ಬಳೇ ಕೂತಿದ್ದೇನೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು, ಉಳಿದದ್ದು ಹೇಳಿಕೊಡ್ತೀನಿ. ದಯವಿಟ್ಟು ಯಾರಾದರೂ ಬನ್ನಿ.

ನಿಮ್ಮ ಸಂಪಾದಕಿ