ಪೂರಕ ಬೇಡಿಕೆ ಬಂದ ದಿನ ನಮ್ಮ ಸಂಸದರು ಬಾಯಿ ಬಿಡಲಿ

ಮಾನ್ಯ ಸಂಪಾದಕರೇ,

ಸಂಸತ್ ಅಧಿವೇಶನ ಬಂದಾಗ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಇರುತ್ತದೆ. ಇಷ್ಟು ಸಾವಿರ ಕೋಟಿ ಹೆಚ್ಚುವರಿ ಖರ್ಚಿಗೆ ಹಣಕಾಸು ಸಚಿವರು ಲೋಕಸಭೆಯ ಒಪ್ಪಿಗೆ ಕೇಳಿದರು, ಸಭೆ ಒಪ್ಪಿತು ಅಂತ. ಇದಕ್ಕೇ ಪೂರಕ ಬೇಡಿಕೆ ಅನ್ನುವುದು. ಯಾವ ಇಲಾಖೆಗೆ ಎಷ್ಟು, ಮೊದಲು ಇಟ್ಟದ್ದು ಯಾಕೆ ಸಾಲಲಿಲ್ಲ ಅನ್ನುವುದು ಅದರಲ್ಲಿ ಕಾಣುವುದು ಅಪರೂಪ. ನಮ್ಮಂಥ ಊರಿನವರಿಗೆ ಬೇಕಾದದ್ದು ಅದೇ.

ಹೆಚ್ಚುವರಿ ಹಣ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಂಸತ್ತು ಒಪ್ಪದೆ ಸಂಚಿತ ನಿಧಿಯಿಂದ, ಅಂದರೆ ದೇಶದ ಮುಖ್ಯ ಖಜಾನೆಯಿಂದ, ಸರ್ಕಾರ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಬಜೆಟ್‌ನಲ್ಲಿ ಇಟ್ಟದ್ದು ಸಾಲದಿದ್ದರೆ ಸಂವಿಧಾನದ 115ನೇ ವಿಧಿಯಂತೆ ಮತ್ತೆ ಸಭೆಯ ಮುಂದೆ ಬರಬೇಕು. ಒಳ್ಳೆಯ ಏರ್ಪಾಡು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೀಗೆ ಕೇಳಿದ್ದು ಸುಮಾರು 4.36 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 1.09 ಲಕ್ಷ ಕೋಟಿ ಬರೀ ರಸಗೊಬ್ಬರದ ಸಬ್ಸಿಡಿಗೆ. ಬಜೆಟ್‌ನಲ್ಲಿ ಇಟ್ಟಿದ್ದು 1.05 ಲಕ್ಷ ಕೋಟಿ, ಅಂದರೆ ಆಮೇಲೆ ಕೇಳಿದ್ದೇ ಜಾಸ್ತಿ. ಆದರೆ ಅದಕ್ಕೆ ಕಾರಣ ಇತ್ತು. ಆ ವರ್ಷ ಫೆಬ್ರವರಿ 1ಕ್ಕೆ ಬಜೆಟ್ ಬಂತು, 24ಕ್ಕೆ ಯುಕ್ರೇನ್ ಯುದ್ಧ ಶುರುವಾಯಿತು. ಹೊರದೇಶದಲ್ಲಿ ಗ್ಯಾಸಿನ ಬೆಲೆ, ಗೊಬ್ಬರದ ಬೆಲೆ ಏರಿದರೂ ನಾವು 45 ಕೆಜಿ ಯೂರಿಯಾ ಚೀಲಕ್ಕೆ ಕೊಟ್ಟಿದ್ದು 266 ರೂಪಾಯಿ 50 ಪೈಸೆಯನ್ನೇ. ರಾಗಿ, ಮುಸುಕಿನ ಜೋಳ ನಂಬಿದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ರೈತರನ್ನು ಆ ಹಣ ಕಾಪಾಡಿತು.

ನನ್ನ ತಕರಾರು ಇರುವುದು ಮೊದಲೇ ಗೊತ್ತಿದ್ದ ಖರ್ಚಿನ ಬಗ್ಗೆ. ನರೇಗಾ, ಅಂದರೆ ಉದ್ಯೋಗ ಖಾತ್ರಿ ಯೋಜನೆಯ ಲೆಕ್ಕ ನೋಡಿ. 2022-23ರಲ್ಲಿ 73,000 ಕೋಟಿ ಇಟ್ಟರು. ಸಾಲದೆ ಅದು 89,400 ಕೋಟಿಗೆ ಹೋಯಿತು. ಇಷ್ಟು ಗೊತ್ತಿದ್ದೂ ಮರುವರ್ಷ ಇಟ್ಟಿದ್ದು 60,000 ಕೋಟಿ. ಹೋದ ವರ್ಷ ಮನೆಗೆ ಒಂಬತ್ತು ಮೂಟೆ ರಾಗಿ ಬೇಕಾಗಿತ್ತು ಅಂತ ಗೊತ್ತಿರುವ ಯಾವ ಹೆಂಗಸೂ ಈ ವರ್ಷ ಆರೇ ಮೂಟೆ ತುಂಬಿಸಿ ಸುಮ್ನೆ ಕೂರುವುದಿಲ್ಲ. ಕೊನೆಗೆ ಆ ವರ್ಷದ ಪರಿಷ್ಕೃತ ಅಂದಾಜು 86,000 ಕೋಟಿ ಆಯಿತು. ಡಿಸೆಂಬರ್‌ನಲ್ಲಿ ಪೂರಕ ಬೇಡಿಕೆ ತಂದು ಸುಮಾರು 14,500 ಕೋಟಿ ಕೇಳಿದರು. ಕೊಟ್ಟರು ನಿಜ, ಆದರೆ ಅಲ್ಲಿಯವರೆಗೆ ಕಾದವರು ಯಾರು?

ಆ 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ನಾನು ಆಗ ನಮ್ಮೂರಲ್ಲಿ ಕಾಯಕ ಬಂಧು, ಅಂದರೆ ನರೇಗಾ ಕೂಲಿಯವರ ಕೆಲಸ ನೋಡಿಕೊಳ್ಳುವವಳು, ಆಗಿದ್ದೆ. ಕೆರೆಯ ಹೂಳು ತೆಗೆಯಲು, ಬದು ಹಾಕಲು ಬರುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಕೂಲಿ ದಿನಕ್ಕೆ 316 ರೂಪಾಯಿ. ದಿನಕ್ಕೆ ಎರಡು ಸಲ ಎಲ್ಲರನ್ನೂ ನಿಲ್ಲಿಸಿ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಾಜರಿ ಏರಿಸುವುದು ನನ್ನ ಕೆಲಸ. ನೆಟ್‌ವರ್ಕ್ ಸಿಗದಿದ್ದರೆ ಕೆರೆ ಏರಿ ಮೇಲೆ ಹೋಗಿ ನಿಲ್ಲಬೇಕಿತ್ತು. ಕೂಲಿಯವರ ಹಾಜರಿಗೆ ಇಷ್ಟು ಕಟ್ಟುನಿಟ್ಟು. 15 ದಿನದೊಳಗೆ ಕೂಲಿ ಕೊಡಬೇಕೆಂದು ಕಾಯ್ದೆಯಲ್ಲೇ ಇತ್ತು, ಅದು ಮಾತ್ರ ನಡೆಯಲಿಲ್ಲ. "ಅಕ್ಕಾ, ದುಡ್ಡು ಬಂತಾ?" ಅಂತ ನೀರು ಹಿಡಿಯುವ ಜಾಗದಲ್ಲೂ ನನ್ನನ್ನೇ ಕೇಳುತ್ತಿದ್ದರು. ಒಬ್ಬಾಕೆ ಸಂಘದ ಕಂತು ಕಟ್ಟಲು ಕಿವಿಯೋಲೆ ಅಡವಿಟ್ಟಳು. ತಡವಾದರೆ ಪರಿಹಾರ ಇತ್ತಲ್ಲ ಅನ್ನುತ್ತಾರೆ. ಅದು ದಿನಕ್ಕೆ ಶೇ 0.05 ಇತ್ತು. ಆರು ದಿನದ ಕೂಲಿಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದು ರೂಪಾಯಿಯೂ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿಯಿತು, ತಿಳಿದು ತುಂಬಾ ನೋವಾಯಿತು. ಆ 60,000 ಕೋಟಿ ಇದ್ದ ಬಜೆಟ್‌ನ ಇಲಾಖಾವಾರು ಬೇಡಿಕೆಗಳನ್ನು ಲೋಕಸಭೆ 2023ರ ಮಾರ್ಚ್ 23ರಂದು ಚರ್ಚೆಯೇ ಇಲ್ಲದೆ ಪಾಸು ಮಾಡಿತ್ತು. ಆಡಳಿತ ಪಕ್ಷದವರೂ ಕೂಗುತ್ತಿದ್ದರು, ವಿರೋಧ ಪಕ್ಷದವರೂ ಕೂಗುತ್ತಿದ್ದರು. 2018ರಲ್ಲೂ ಹೀಗೇ ಆಗಿತ್ತು. "ಹೋದ ವರ್ಷ ಇಷ್ಟು ಖರ್ಚಾಗಿದೆ, ಈಗ ಯಾಕೆ ಇಷ್ಟು ಕಡಿಮೆ?" ಅಂತ ಕೇಳುವ ಅವಕಾಶ ಇದ್ದದ್ದು ಅವತ್ತು. ಅವತ್ತು ಕೇಳದೆ ಬಿಟ್ಟ ಮೇಲೆ ಇನ್ನು ಉಳಿಯುವುದು ಪೂರಕ ಬೇಡಿಕೆಯ ಚರ್ಚೆ ಒಂದೇ. ಅದನ್ನೂ ಹತ್ತಾರು ಇಲಾಖೆಗಳದ್ದು ಒಟ್ಟಿಗೆ ಸೇರಿಸಿ ಮುಗಿಸಿಬಿಟ್ಟರೆ ನಮ್ಮ ಪರವಾಗಿ ಕೇಳುವವರು ಯಾರು?

ಆದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಂಸದರಲ್ಲಿ ನನ್ನ ಮನವಿ. ಪಕ್ಷ ಯಾವುದಾದರೂ ಇರಲಿ, ಪೂರಕ ಬೇಡಿಕೆ ಬಂದ ದಿನ ಸಭೆಯಲ್ಲಿ ಕೂತು ಕೇಳಿ. ಈ ಖರ್ಚು ಯುದ್ಧದಂತೆ ದಿಢೀರ್ ಬಂದದ್ದೋ, ಬಜೆಟ್ ದಿನವೇ ಗೊತ್ತಿದ್ದದ್ದೋ? ಕೂಲಿ, ಪಿಂಚಣಿ, ವಿದ್ಯಾರ್ಥಿವೇತನದಂಥ ಬಾಬತ್ತುಗಳಿಗೆ ಹಣ ಕಡಿಮೆ ಬಿದ್ದರೆ ಡಿಸೆಂಬರ್‌ವರೆಗೆ ಕಾಯದೆ ಮುಂಗಾರು ಅಧಿವೇಶನದಲ್ಲೇ ತರುವಂತೆ ಒತ್ತಾಯ ಮಾಡಿ. ಬೇಡಿಕೆಯ ಪುಸ್ತಕ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಅದರ ಸಾರಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕಳಿಸಿಕೊಡಿ.

ತಮ್ಮಲ್ಲೂ ಒಂದು ಕೇಳಿಕೆ. ಮುಂದಿನ ಸಲ ಒಟ್ಟು ಮೊತ್ತದ ಜೊತೆಗೆ ಯಾವ ಇಲಾಖೆಗೆ ಎಷ್ಟು, ಬಜೆಟ್‌ನಲ್ಲಿ ಎಷ್ಟಿತ್ತು, ನಮ್ಮ ಸಂಸದರಲ್ಲಿ ಯಾರು ಏನು ಕೇಳಿದರು ಅನ್ನುವುದನ್ನೂ ಒಂದು ಚಿಕ್ಕ ಪಟ್ಟಿಯಾಗಿ ಹಾಕಿ. ನಮ್ಮ ಸಂಘದ ಸಭೆಯಲ್ಲಿ ನಾನು ಅದನ್ನು ಓದಿ ಹೇಳುತ್ತೇನೆ.

— ಮಾಜಿ ಕಾಯಕ ಬಂಧು, ಗುಡಿಬಂಡೆ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ