ಗುಂಪಿಗೆ ಸೂಚನೆ: ಗಾಂಜಾ ‘ಔಷಧಿ’ ಫಾರ್ವರ್ಡ್ ಬಗ್ಗೆ

ನಮಸ್ಕಾರ. ‘ಅಮೆರಿಕದಲ್ಲಿ ಗಾಂಜಾ ಔಷಧಿ, ನಮ್ಮಲ್ಲಿ ಯಾಕೆ ಅಪರಾಧ?’ ಎನ್ನುವ ಫಾರ್ವರ್ಡ್ ಅರ್ಧ ಸತ್ಯ. ಕ್ಯಾಲಿಫೋರ್ನಿಯಾ 1996ರಲ್ಲೇ ವೈದ್ಯರ ಶಿಫಾರಸಿನ ಮೇಲೆ ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ಮೆದುಳು ಬಲಿಯುವುದು ಸುಮಾರು 25ರ ತನಕ. ಅದಕ್ಕೆ ಮೊದಲೇ ದಿನಾ ಸೇದಿದರೆ ನೆನಪು, ಗಮನ ಕುಂದಬಹುದು. ಭ್ರಮೆ ಹುಟ್ಟಿಸುವ ಮನೋರೋಗದ ಅಪಾಯವೂ ಜಾಸ್ತಿ. ಡಾಕ್ಟರ ಚೀಟಿ ನೋಡಿ ಮೆದುಳು ಸುಮ್ನಿರುತ್ತದಾ? ಮೂರ್ಛೆರೋಗಕ್ಕೆ ಅಮೆರಿಕ 2018ರಲ್ಲಿ ಒಪ್ಪಿದ ಔಷಧಿಯೇ ಬೇರೆ, ಅದರಲ್ಲಿರುವುದು ಗಾಂಜಾ ಗಿಡದ ಅಮಲು ಬರಿಸದ ಅಂಶ, ಸಿಬಿಡಿ.

ನಮ್ಮಲ್ಲಿ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಗಾಂಜಾ ಇಟ್ಟುಕೊಂಡರೂ ಕೇಸು.

ಹಾಸನದ ಪಿಜಿಗಳಲ್ಲಿರುವ ಹುಡುಗ ಹುಡುಗಿಯರೇ, ಪರೀಕ್ಷೆ ಟೆನ್ಷನ್‌ಗೆ, ನಿದ್ದೆ ಬಾರದ್ದಕ್ಕೆ ಇದು ಮದ್ದಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯರನ್ನು ಕಾಣಿ. ಮುಜುಗರ ಅಲ್ವಾ? ಹಾಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆ ಫಾರ್ವರ್ಡ್ ಅಳಿಸಿದ್ದೇನೆ.