ಹೆದ್ದಾರಿಯಲ್ಲಿ ಲೈಟು ಸರಿಮಾಡಿಕೊಟ್ಟ ಅಣ್ಣನಿಗೆ

ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ಬೈಕ್ ಹತ್ತಿ ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರದುರ್ಗ ದಾಟಿ ದಾವಣಗೆರೆ ಕಡೆ ಹೊರಟಿದ್ದೆವು. ಕತ್ತಲಾಗುವ ಹೊತ್ತಿಗೆ ನಮ್ಮ ಕ್ಯಾಂಪರ್ ವ್ಯಾನಿನ ಹಿಂದಿನ ಲೈಟುಗಳು ಕೈಕೊಟ್ಟವು. 48ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ರಭಸ ಗೊತ್ತಲ್ವಾ? ಒಳಗೆ ಅಮ್ಮ, ಮಕ್ಕಳು. ನಿಜಕ್ಕೂ ಭಯವಾಗಿತ್ತು.

ನೀವು ಸುಮ್ನೆ ಬಲ್ಬ್ ಬದಲಿಸಲು ಹೋಗಲಿಲ್ಲ. ಮೊದಲು ಎಡ ಇಂಡಿಕೇಟರ್ ಹಾಕಿಸಿದಿರಿ. ಅದರ ಜೊತೆ ಟೈಲ್ ಲೈಟೂ ಮಂಕಾಗಿ ಮಿಣುಕತೊಡಗಿತು. "ಫ್ಯೂಸ್ ಅಲ್ಲ, ಅರ್ತ್ ಹೋಗಿದೆ" ಅಂದಿರಿ. ಅರ್ತ್ ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಕರೆಂಟು ಇದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಮೊನೆಯನ್ನು ಹೋಲ್ಡರಿಗೆ ಮುಟ್ಟಿಸಿದಾಗ ಅದು ಚೆನ್ನಾಗಿ ಉರಿಯಿತು. ಕ್ಲಿಪ್ಪನ್ನು ಲೈಟಿನ ಅರ್ತ್ ವೈರಿಗೆ ಹಾಕಿದರೆ ಉರಿಯಲಿಲ್ಲ. ಕರೆಂಟು ಬರುತ್ತಿದೆ, ವಾಪಸ್ ಹೋಗಲು ದಾರಿಯಿಲ್ಲ, ಪಕ್ಕದ ಬಲ್ಬಿನೊಳಗೆ ನುಗ್ಗುತ್ತಿದೆ ಎಂದು ಮಗನಿಗೂ ಅರ್ಥವಾಗುವಂತೆ ಹೇಳಿದಿರಿ. ಗಾಡಿಯ ಮೈ ಫೈಬರ್ ಆಗಿದ್ದರಿಂದ ಆ ಒಂದು ವೈರೇ ಗತಿಯಂತೆ.

ಬಂಪರ್ ಕೆಳಗೆ ಮಲಗಿ, ಆ ವೈರನ್ನು ಚಾಸಿಗೆ ಸೇರಿಸುವ ಬೋಲ್ಟ್ ಹುಡುಕಿದಿರಿ. ತುಕ್ಕು ಹಿಡಿದು ಪುಡಿಪುಡಿ ಉದುರುತ್ತಿತ್ತು. ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಬೋಲ್ಟಿಗೆ ಸಿಕ್ಕಿಸುವ ಹೊಸ ಬಳೆ (ರಿಂಗ್ ಟರ್ಮಿನಲ್) ಕೂರಿಸಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದಿರಿ. ಎಲ್ಲಾ ಲೈಟುಗಳೂ ಒಟ್ಟಿಗೆ ಹೊತ್ತಿದವು!

ಹೊರಡುವಾಗ ಹೇಳಿದ ಮಾತನ್ನೂ ಮರೆತಿಲ್ಲ: ಫ್ಯೂಸ್ ಹೋದರೆ ಅಷ್ಟೇ ಆಂಪಿನದು ಹಾಕಬೇಕು, ಜಾಸ್ತಿಯದು ಹಾಕಿದರೆ ವೈರೇ ಸುಡುತ್ತದೆ. ದುಡ್ಡು ಮಾತ್ರ ಮುಟ್ಟಲಿಲ್ಲ. ಅಮ್ಮ ಕೊಟ್ಟ ಚಕ್ಕುಲಿ ತಗೊಂಡಿರಿ, ಅಷ್ಟೇ.

ತುಂಬಾ ಥ್ಯಾಂಕ್ಸ್ ಅಣ್ಣಾ. ದುರ್ಗದ ಕಡೆಯವರು ಯಾರಾದರೂ ಇವರನ್ನು ಗುರುತಿಸಿದರೆ, ದಯವಿಟ್ಟು ಇದನ್ನು ಓದಿ ಹೇಳಿ.